ಎಲ್ಲೆಗಲ್ಲು ದಾಟಿದ ಕಂಕಣ

ಬೆಣಚಿನಮಟ್ಟಿಯ ಶ್ರೀ ಅಡವಯ್ಯಜ್ಜನವರು ಲಿಂಗೈಕ್ಯರಾದ ಅನಂತರದ ಹನ್ನೊಂದನೆಯ ಪುಣ್ಯಸ್ಮರಣೆಯ ದಿನ, ಮಧ್ಯಾಹ್ನದ ದಾಸೋಹ ಮುಗಿದು, ಹಿರಿಯರು ಮಠದ ಪಡಸಾಲೆಯ ಕಂಬಗಳಿಗೆ ಒರಗಿ ಕುಳಿತಿದ್ದ ಹೊತ್ತಿನಲ್ಲಿ ಶ್ರೀಗಳವರ ಜೀವಿತದ ಈ ಪ್ರಸಂಗವನ್ನು ಹೇಳಲಾಯಿತು. ಅಂದು ಕೇಳಿದವರು ಕೆಲವರೇ. ಕೇಳದೆ ಉಳಿದ ಭಕ್ತರ ಸಲುವಾಗಿ ಅದನ್ನೇ ಇಲ್ಲಿ ಬರೆಹಕ್ಕೆ ಇಳಿಸಿದೆ. ಇದರಲ್ಲಿ ಬರುವ ಸುಲೋಚನಾಬಾಯಿಯವರು ತಮ್ಮ ವೃದ್ಧಾಪ್ಯದಲ್ಲಿ ತಾವಾಗಿಯೇ ಹೇಳಿದ ಮಾತುಗಳೇ ಇದಕ್ಕೆ ಆಧಾರ.

ಶ್ರೀ ಅಡವಯ್ಯಜ್ಜನವರ ಮಠವನ್ನು ಕಾಣದವರು ಅದನ್ನು ದೊಡ್ಡದೆಂದು ಭಾವಿಸಬಾರದು. ಬಿಳಿಯ ಬೆಣಚುಕಲ್ಲಿನ ದಿಬ್ಬ. ಅದರ ಮೇಲೆ ಮಣ್ಣಿನ ಮಾಳಿಗೆಯ ಒಂದು ಪಡಸಾಲೆ. ಪಡಸಾಲೆಯ ಹಿಂದೆ ರೊಟ್ಟಿ ಬಡಿಯುವ ಒಲೆಗಳ ಸಾಲು. ಬಲಕ್ಕೆ ಶ್ರೀಗಳವರ ಕೋಣೆ. ಕೋಣೆಯೊಳಗೆ ಒಂದು ಚಾಪೆ, ಒಂದು ಕರಿಯ ಕಂಬಳಿ, ನೀರಿನ ಗಡಿಗೆ ಮತ್ತು ಪೂಜೆಯ ಸಲಕರಣೆಗಳಲ್ಲದೆ ಬೇರೇನೂ ಇರಲಿಲ್ಲ. ಯೌವನದಲ್ಲಿ ಒಮ್ಮೆ ಅಲೆಯುತ್ತ ಅಲ್ಲಿಗೆ ಬಂದವರು, ಆ ದಿಬ್ಬದ ಕೆಳಗಿನ ಎಲ್ಲೆಗಲ್ಲನ್ನು ಇನ್ನು ದಾಟುವುದಿಲ್ಲವೆಂದು ಸಂಕಲ್ಪ ಮಾಡಿ ನೆಲೆನಿಂತರು. ಹೊರಗಿನ ಮಠಾಧೀಶರು ಕರೆದರೂ ಹೋಗಲಿಲ್ಲ. ತಮ್ಮನ್ನು ಹೆತ್ತ ತಾಯಿ ತೀರಿಕೊಂಡ ವಾರ್ತೆ ಬಂದಾಗಲೂ ಎಲ್ಲೆಗಲ್ಲಿನ ಈಚೆಗೇ ನಿಂತು ಆ ದಿಕ್ಕಿಗೆ ಕೈಮುಗಿದರು. ಮಾತು ಬಹಳ ಕಡಿಮೆ. ಶ್ರಾವಣಮಾಸದಲ್ಲಂತೂ ಬೆಳಗಿನಿಂದ ದೀಪ ಹಚ್ಚುವ ಹೊತ್ತಿನವರೆಗೆ ಕೋಣೆಯ ಕದವಿಕ್ಕಿ ಮೌನಾನುಷ್ಠಾನದಲ್ಲಿರುತ್ತಿದ್ದರು.

ಶ್ರಾವಣದ ತಿಂಗಳಿಡೀ ಮಠದಲ್ಲಿ ಪುರಾಣಶ್ರವಣ. ಕೇಳಲು ಬಂದವರಿಗೆಲ್ಲ ದಾಸೋಹ. ಆ ದಾಸೋಹದ ರೊಟ್ಟಿ ಬಡಿಯುವ ಸೇವೆಯನ್ನು ಹರಕೆ ಹೊತ್ತ ಹೆಣ್ಣುಮಕ್ಕಳು ನಡೆಸುವುದು ಅಲ್ಲಿಯ ಪದ್ಧತಿ. ಹರಕೆ ಹೊತ್ತವಳ ಬಲಗೈ ಮಣಿಕಟ್ಟಿಗೆ ಅರಿಸಿನದ ಕೊಂಬನ್ನು ನೂಲಿನಲ್ಲಿ ಬಿಗಿದು ಕಂಕಣ ಕಟ್ಟುತ್ತಿದ್ದರು. ಪುರಾಣ ಮಂಗಲವಾಗುವವರೆಗೆ ಆ ಕಂಕಣವನ್ನು ಬಿಚ್ಚುವಂತಿಲ್ಲ. ಕಂಕಣ ಕಟ್ಟಿದವಳು ಎಲ್ಲೆಗಲ್ಲನ್ನು ದಾಟುವಂತಿಲ್ಲ. ದಾಟಿದರೆ ಹರಕೆ ಮುರಿಯಿತೆಂದೇ ಲೆಕ್ಕ.

ಇನ್ನು ಸುಲೋಚನಾಬಾಯಿ ಅರ್ಕಸಾಲಿಯವರ ವಿಷಯ. ಅವರು ಸಮೀಪದ ಹಳ್ಳಿಯ ಆರೋಗ್ಯ ಉಪಕೇಂದ್ರದಲ್ಲಿ ದಾದಿಯಾಗಿದ್ದರು. ಜನರು ಅವರನ್ನು ನರ್ಸಬಾಯಿ ಎನ್ನುತ್ತಿದ್ದರು. ಸುತ್ತಲಿನ ಊರುಗಳನ್ನೆಲ್ಲ ನಡೆದೇ ಸುತ್ತಬೇಕು. ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಂಡು ಹೋದರೆ ತಾಯಂದಿರು ಮಕ್ಕಳನ್ನು ಕಣಜದ ಹಿಂದೆ ಬಚ್ಚಿಡುತ್ತಿದ್ದರು. ಸುಲೋಚನಾಬಾಯಿಯವರು ಮೊದಮೊದಲು ನಯವಾಗಿ ಹೇಳಿದರು, ಆಮೇಲೆ ಬೈದು ಹೇಳಿದರು, ಕೊನೆಗೆ ಬೈಯುವುದೊಂದೇ ಉಳಿಯಿತು. ಅಡವಯ್ಯಜ್ಜನವರನ್ನು ಅವರು ಕಂಡಿರಲಿಲ್ಲ, ಕಾಣುವ ಇಚ್ಛೆಯೂ ಇರಲಿಲ್ಲ. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಕಾಲಿಗೆ ಮೊಳೆ ಚುಚ್ಚಿಸಿಕೊಂಡ ತರುಣನೊಬ್ಬನು ಗಾಯಕ್ಕೆ ಮಠದ ವಿಭೂತಿಯನ್ನು ತುಂಬಿ ಮನೆಯಲ್ಲೇ ಉಳಿದನು. ಅವರಿಗೆ ಸುದ್ದಿ ಮುಟ್ಟುವ ವೇಳೆಗೆ ಅವನ ದವಡೆ ಬಿಗಿದು ಬೆನ್ನು ಬಿಲ್ಲಾಗಿತ್ತು. ಧನುರ್ವಾತದಿಂದ ಅವನು ಸತ್ತದ್ದನ್ನು ಅವರು ಹತ್ತಿರವೇ ಕುಳಿತು ಕಂಡರು. ಅಂದಿನಿಂದ ಆ ದಿಬ್ಬವು ಕಣ್ಣಿಗೆ ಬಿದ್ದರೆ ಮುಖ ತಿರುಗಿಸಿಕೊಳ್ಳುತ್ತಿದ್ದರು.

ಆ ವರ್ಷದ ಶ್ರಾವಣ ಅರ್ಧಕ್ಕೂ ಮೇಲೆ ಕಳೆದಿತ್ತು. ಬೆಳಗಿನಿಂದ ಒಂದು ಕಷ್ಟದ ಹೆರಿಗೆಯಲ್ಲಿ ಸಿಕ್ಕಿಬಿದ್ದಿದ್ದ ಸುಲೋಚನಾಬಾಯಿಯವರು ಇಳಿಹೊತ್ತಿಗೆ ಮಠದ ಕೆಳಗಿನ ದಾರಿಯಲ್ಲಿ ಬಸ್ಸಿಗಾಗಿ ನಡೆದು ಬರುತ್ತಿದ್ದರು. ಕೂಸು ಉಳಿದಿತ್ತು, ತಾಯಿಯೂ ಉಳಿದಿದ್ದಳು. ಆದರೂ ಮನಸ್ಸಿನಲ್ಲಿ ಸಂತೋಷವೆಂಬುದು ಹುಟ್ಟಲಿಲ್ಲ. ಕಾಲುಗಳು ಎಳೆಯುತ್ತಿದ್ದವು. ಚಪ್ಪಲಿಯ ಬಾರು ಹಿಮ್ಮಡಿಯನ್ನು ತಿಂದಿತ್ತು. ಬಸ್ಸಿನಲ್ಲಿ ಕುಳಿತುಕೊಳ್ಳಲು ಜಾಗ ಸಿಕ್ಕರೆ ಸಾಕು, ಬೇರೇನೂ ಬೇಡ ಎಂಬುದೊಂದೇ ಆಲೋಚನೆ. ಅಷ್ಟರಲ್ಲಿ ತೆಂಗಿನಕಾಯಿ, ಹೂವು ಹಿಡಿದ ಹೆಂಗಸರ ಗುಂಪೊಂದು ಎದುರಾಯಿತು.

"ನರ್ಸಬಾಯಾರ, ನೀವೂ ಬರ್ರಿ. ಹರಕಿ ರೊಟ್ಟಿ ಬಡಿಯೂ ಫಕೀರವ್ವನ ಕೈಯಾಗ ಅವ್ವ ಮೂಡ್ಯಾಳ," ಎಂದಳು ಮುಂದಿನವಳು.

"ಯಾವ ಅವ್ವ?"

"ಇನ್ಯಾವ ಅವ್ವ ಇರ್ತಾಳ್ರೀ, ದೇವಿ! ಕಂಕಣದ ಬುಡದಿಂದ ಕುಂಕುಮದ ಗೆರಿ ಎದ್ದು ತೋಳು ಏರೈತಿ. ಯಾರೂ ಹಚ್ಚಿದ್ದಲ್ಲ, ತಾನಾಗೇ ಎದ್ದದ್ದು. ನಿನ್ನಿ ಮೈಮ್ಯಾಲ ಬಂದು ಗಡಗಡ ನಡುಗಿದ್ಲು. ಮೈ ಮುಟ್ಟಿದ್ರ ಹಂಚು ಮುಟ್ಟಿದಂಗ. ಅವ್ವನ ಕಾವು ಅಂದ್ರ ಸುಮ್ನೇನು?"

"ಅವರು ಎಲ್ಲಿ ಬರ್ತಾರ ಬಿಡ," ಎಂದಳು ಹಿಂದಿನವಳು. "ಬಂದ್ರ ಅವ್ವಗೂ ಒಂದು ಸೂಜಿ ಚುಚ್ಚಿ, ಬೈದು ಕಳಸ್ತಾರ."

ಗುಂಪು ನಕ್ಕಿತು. ಸುಲೋಚನಾಬಾಯಿಯವರು ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಅವರ ಕಿವಿಯಲ್ಲಿ ಕೆಂಪು ಗೆರೆ, ನಡುಕ, ಕಾವು ಎಂಬ ಮೂರು ಮಾತುಗಳು ಮಾತ್ರ ನಿಂತವು.

"ಅಕಿ ಕೈಗೆ ಏನರ ಚುಚ್ಚಿತ್ತೇನು?"

"ಹಾಂ, ಒಲಿಗೆ ತೊಗರಿಕಟಿಗಿ ಮುರಿಯೂ ಮುಂದ ಸಿಬರು ಹೊಕ್ಕಿತ್ತು. ಅದಕ್ಕೇನ್ರಿ? ಅಜ್ಜಾರ ವಿಭೂತಿ ಹಚ್ಕೊಂಡು ಅದಽ ಕೈಲೆ ಹಿಟ್ಟು ನಾದ್ಯಾಳ."

ದೂರದಲ್ಲಿ ಬಸ್ಸಿನ ಧೂಳು ಕಾಣಿಸಿತು. ಇದು ಹೋದರೆ ಮುಂದಿನದು ಕತ್ತಲಾದ ಮೇಲೆ. ಅವರಿಗೆ ಹೋಗಬೇಕೆನ್ನಿಸಿತು. ತಾವು ಏನನ್ನೂ ಕೇಳಲಿಲ್ಲವೆಂದುಕೊಂಡರೆ ಯಾರೂ ತಮ್ಮನ್ನು ಪ್ರಶ್ನಿಸುವುದಿಲ್ಲವೆಂಬುದೂ ಅವರಿಗೆ ತಿಳಿದಿತ್ತು. ಬಸ್ಸು ಬಂದು ನಿಂತು ಹೊರಟುಹೋಯಿತು. ಅವರು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ದಿಬ್ಬದ ದಾರಿ ಹಿಡಿದರು.

ಪಡಸಾಲೆಯಲ್ಲಿ ಜನ ಕಿಕ್ಕಿರಿದಿದ್ದರು. ಗೋಡೆಗೆ ಒರಗಿಸಿ ಮಣೆಯ ಮೇಲೆ ಕೂರಿಸಿದ್ದ ಫಕೀರವ್ವ ನಡುವಯಸ್ಸಿನ ಹೆಂಗಸು. ಬಲಗೈಯನ್ನು ಮಡಿಬಟ್ಟೆ ಹೊದಿಸಿದ ದಿಂಬಿನ ಮೇಲೆ ಇಟ್ಟಿದ್ದರು. ಅಂಗೈ ಉಬ್ಬಿ ಹೊಳೆಯುತ್ತಿತ್ತು. ನಡುಬೆರಳಿನ ಬುಡದಲ್ಲಿ ವಿಭೂತಿ ಹೆಪ್ಪುಗಟ್ಟಿ, ಅದರ ಅಂಚಿನಿಂದ ಹಳದಿ ನೀರು ಒಸರುತ್ತಿತ್ತು. ಕಂಕಣದ ನೂಲು ಊದಿದ ಮಾಂಸದಲ್ಲಿ ಹೂತು ಕಾಣದಂತಾಗಿತ್ತು. ಅಲ್ಲಿಂದ ಒಳಗೈಯ ಗುಂಟ ಕೆಂಪಗಿನ ಒಂದು ಗೆರೆ ಮೊಣಕೈವರೆಗೆ ಏರಿತ್ತು. ಅದರ ಎರಡೂ ಪಕ್ಕದಲ್ಲಿ ಹೆಂಗಸರು ಅರಿಸಿನ ಹಚ್ಚಿ ಮಲ್ಲಿಗೆಯ ಎಸಳು ಅಂಟಿಸಿದ್ದರು. ಒಬ್ಬೊಬ್ಬರಾಗಿ ಬಂದು ಆ ಗೆರೆಗೆ ಹಣೆ ಮುಟ್ಟಿಸಿ ಹೋಗುತ್ತಿದ್ದರು. ಪಕ್ಕದಲ್ಲಿ ಅವಳ ಗಂಡ ಕೊಟ್ರಪ್ಪನು ಬೀಸಣಿಗೆ ಹಿಡಿದು ಕುಳಿತಿದ್ದನು. ಅವನ ಮುಖದಲ್ಲಿ ಹೆಮ್ಮೆಯೂ ಇತ್ತು, ಹೆದರಿಕೆಯೂ ಇತ್ತು.

"ಹಿಟ್ಟು ಸುಡಾಕತ್ತೈತಿ... ನೀರು ಹಾಕ್ರಿ..." ಎಂದು ಫಕೀರವ್ವ ಕಣ್ಣು ತೆರೆಯದೆ ಗೊಣಗಿದಳು.

"ಕೇಳಿದ್ರೇನು? ಅವ್ವ ಮಳಿ ಕೊಡ್ತೀನಿ ಅನ್ನಾಕತ್ತಾಳ!" ಎಂದು ಯಾರೋ ಕೂಗಿದರು. ಪಡಸಾಲೆ ಜಯಕಾರ ಹಾಕಿತು.

ಸುಲೋಚನಾಬಾಯಿಯವರು ಜನರನ್ನು ಸರಿಸಿ ಮುಂದೆ ಹೋಗುವಷ್ಟರಲ್ಲಿ ಮಠದ ಕಾರಭಾರಿ ಮುರಿಗೆಪ್ಪನವರು ಅಡ್ಡಗಟ್ಟಿದರು.

"ನರ್ಸಬಾಯಾರ, ದೂರಿಂದ ಕೈಮುಗೀರಿ. ನೀವು ಹೆರಿಗಿ ಮನಿಯಿಂದ ಬಂದೀರಿ. ಮುಟ್ಟಬ್ಯಾಡ್ರಿ."

"ನಾ ಕೈಮುಗಿಯಾಕ ಬಂದಿಲ್ಲ. ಈ ಕೈ ನೋಡಾಕ ಬಂದೀನಿ. ಇದು ಇನ್‌ಫೆಕ್ಷನ್, ಕಾರಭಾರ್ಯಾರ. ಈಗಿಂದೀಗ ತಾಲೂಕಿನ ದವಾಖಾನಿಗೆ ಒಯ್ಯಬೇಕು."

"ಕಂಕಣ ಕಟ್ಟ್ಯಾಳ. ಎಲ್ಲಿಗಲ್ಲು ದಾಟಂಗಿಲ್ಲ."

"ಸತ್ತ ಮ್ಯಾಲ ದಾಟಸ್ತೀರೇನು?"

ಈ ಮಾತು ಬಾಯಿಂದ ಹೊರಟ ಕೂಡಲೇ ಕೆಲಸ ಕೆಟ್ಟಿತೆಂದು ಅವರಿಗೇ ಅರಿವಾಯಿತು. ಶ್ರಾವಣದ ಪುರಾಣಮಂಟಪದಲ್ಲಿ ಸಾವಿನ ಹೆಸರು! ಹೆಂಗಸರು ಬಾಯಿಗೆ ಸೆರಗು ಹಿಡಿದರು. ಕೊಟ್ರಪ್ಪನು ಎದ್ದುನಿಂತು, "ಅಪಶಕುನ ಆಡಬ್ಯಾಡ್ರೀ ಬಾಯಾರ, ಕೈ ಮುಗೀತೀನಿ," ಎಂದನು. ಮುರಿಗೆಪ್ಪನವರು, "ಅಜ್ಜಾರು ಹೊರಗ ಬರ್ಲಿ, ಅವರ ಅಪ್ಪಣಿ ಆಗ್ಲಿ. ಅಲ್ಲಿತನಕ ಸುಮ್ನ ಕುಂಡ್ರಿ," ಎಂದು ಹೇಳಿ ಪುರಾಣಿಕರಿಗೆ ಮುಂದಿನ ಅಧ್ಯಾಯ ಓದುವಂತೆ ಕೈಮಾಡಿದರು.

ಶ್ರೀಗಳವರ ಕೋಣೆಯ ಬಾಗಿಲು ಬಡಿಯಲು ಹೋದರೆ ನಾಲ್ಕು ಜನ ಎಳೆದು ಕೂರಿಸುತ್ತಾರೆ. ಕೂಗಾಡಿದರೆ ಹೊರಗೆ ಹಾಕುತ್ತಾರೆ. ಇಷ್ಟು ವರ್ಷ ಕೂಗಾಡಿ ತಾವು ಗಳಿಸಿದ್ದೇನು ಎಂಬ ಬೇಸರ ಅವರ ಎದೆಯಲ್ಲಿ ತುಂಬಿತು. ಅವರು ಫಕೀರವ್ವನ ಮಗ್ಗುಲಲ್ಲಿ ಕುಕ್ಕರಿಸಿದರು. ಯಾರು ಬೇಡವೆಂದರೂ ಎಡಗೈಯ ನಾಡಿ ಹಿಡಿದರು. ನಾಡಿ ಓಡುತ್ತಿತ್ತು. ಉಸಿರು ಮೇಲುಮೇಲಕ್ಕೆ ಬರುತ್ತಿತ್ತು. ಬಗಲಲ್ಲಿ ಬೆರಳಿಟ್ಟಾಗ ಗಂಟೊಂದು ಸಿಕ್ಕಿತು, ಅವಳು ನರಳಿದಳು. ಮೈ ಉರಿಯುತ್ತಿದ್ದರೂ ಪಾದಗಳು ತಣ್ಣಗಿದ್ದವು. ಸುಲೋಚನಾಬಾಯಿಯವರು ಬ್ಲೌಸಿನಲ್ಲಿ ಸಿಕ್ಕಿಸಿದ್ದ ಬಾಲ್‌ಪೆನ್ನನ್ನು ತೆಗೆದು, ಆ ಕೆಂಪು ಗೆರೆ ಎಲ್ಲಿ ಮುಗಿದಿತ್ತೋ ಅಲ್ಲಿ ಅಡ್ಡಲಾಗಿ ಒಂದು ನೀಲಿ ಗೀಟು ಎಳೆದರು.

"ಅಯ್ಯ, ಅವ್ವನ ಮೈಮ್ಯಾಲ ಪೆನ್ನಿಲೆ ಗೀಚಿದ್ರಲ್ಲ!" ಎಂದು ಮುದುಕಿಯೊಬ್ಬಳು ಹಲುಬಿದಳು. "ಇವರಿಗೆ ಮನಿಮನಿ ಗೋಡಿ ಮ್ಯಾಲ ಲಸಿಕಿ ನಂಬರ ಬರದು ಬರದು ರೂಢಿ ಆಗೈತಿ."

ಪುರಾಣ ನಡೆಯಿತು. ಸುಲೋಚನಾಬಾಯಿಯವರು ತಮ್ಮ ಬಾಟಲಿಯ ನೀರನ್ನು ಹನಿಹನಿಯಾಗಿ ಫಕೀರವ್ವನ ಬಾಯಿಗೆ ಹಾಕುತ್ತ ಕುಳಿತರು. ಪುರಾಣಿಕರ ಸ್ವರ ಏರಿ ಇಳಿಯುತ್ತಿತ್ತು, ಅವರಿಗೆ ಒಂದು ಶಬ್ದವೂ ತಲೆಗೆ ಹತ್ತಲಿಲ್ಲ. ಗೆರೆಯನ್ನೇ ನೋಡುತ್ತಿದ್ದರು. ಅಧ್ಯಾಯ ಮುಗಿದು ಆರತಿಯ ತಟ್ಟೆ ಸಿದ್ಧವಾಗುವ ವೇಳೆಗೆ ಕೆಂಪು ಗೆರೆ ನೀಲಿ ಗೀಟನ್ನು ದಾಟಿ ಮೊಣಕೈಯ ಮೇಲಕ್ಕೆ ಏರಿತ್ತು.

ಆಗ ಕೋಣೆಯ ಕದ ತೆರೆಯಿತು. ಶ್ರೀ ಅಡವಯ್ಯಜ್ಜನವರು ಹೊಸ್ತಿಲ ಮೇಲೆ ಕಾಣಿಸಿಕೊಂಡರು. ಸುಲೋಚನಾಬಾಯಿಯವರು ಯಾರೋ ತೇಜಸ್ವಿಯಾದ, ಗಂಭೀರನಾದ ಪುರುಷನನ್ನು ಎದುರುನೋಡಿದ್ದರು. ಕಂಡದ್ದು ಕಂಬಳಿ ಹೊದ್ದ ಒಬ್ಬ ಬಡಕಲು ಮುದುಕರನ್ನು. ಕಣ್ಣ ಕೆಳಗೆ ಕಪ್ಪು, ನಿದ್ದೆಗೆಟ್ಟವರ ಮುಖ. ಹೆರಿಗೆ ಮನೆಯಿಂದ ಹೊರಬಂದು ಬಾನಿಯ ನೀರಿನಲ್ಲಿ ತಮ್ಮ ಮುಖವನ್ನು ನೋಡಿಕೊಂಡಾಗ ಕಂಡ ದಣಿವೇ ಅಲ್ಲಿಯೂ ಇತ್ತು.

ಜನರು ಅಡ್ಡಬಿದ್ದರು. ಶ್ರೀಗಳವರು ಯಾರ ಕಡೆಗೂ ನೋಡದೆ ಬಂದು ಫಕೀರವ್ವನ ಎದುರಿಗೆ ನೆಲದ ಮೇಲೆ ಕುಳಿತರು. ಮಲ್ಲಿಗೆಯ ಎಸಳುಗಳನ್ನು ಒಂದೊಂದಾಗಿ ಬಿಡಿಸಿ ಬದಿಗಿಟ್ಟರು. ಬಹಳ ಹೊತ್ತು ನೋಡಿದ ಮೇಲೆ ಕೇಳಿದರು:

"ಈ ನೀಲಿ ಗೀಟು ಯಾರು ಹಾಕಿದ್ರು?"

"ನಾನು, ಅಜ್ಜಾರ. ಪುರಾಣ ಸುರು ಆದಾಗ ಗೆರಿ ಅಲ್ಲಿತನಕ ಇತ್ತು. ಈಗ ಎಲ್ಲೈತಿ ನೀವಽ ನೋಡ್ರಿ."

"ಏನಿದು?"

"ಇನ್‌ಫೆಕ್ಷನ್ ರೀ."

"ನಮ್ಮ ಮಾತಿನಾಗ ಹೇಳವ್ವ."

ಸುಲೋಚನಾಬಾಯಿಯವರು ವರ್ಷಗಟ್ಟಲೆ ಅದೇ ಇಂಗ್ಲಿಷ್ ಶಬ್ದವನ್ನು ಊರೂರಿಗೆ ಹೇಳಿಕೊಂಡು ಬಂದಿದ್ದರು. ಇದರ ಅರ್ಥವೇನೆಂದು ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

"ನಂಜು, ಅಜ್ಜಾರ. ನಂಜು ಏರಾಕತ್ತೈತಿ. ಆ ಸಿಬರು ಹೊಕ್ಕಲ್ಲಿ ಕೀವು ಆಗಿ, ಅಲ್ಲಿಂದ ನೆತ್ತರದಾಗ ಇಳದೈತಿ. ಈ ಗೆರಿ ಅದರ ದಾರಿ. ನಡುಗಿದ್ದು ಚಳಿಜ್ವರ. ಮಾತು ಬಡಬಡಿಸಿದ್ದು ಜ್ವರ ತಲಿಗೇರಿ."

ನಂಜು ಎಂಬ ಮಾತು ಪಡಸಾಲೆಯಲ್ಲಿ ಬಿದ್ದ ಕೂಡಲೇ ಆರತಿಯ ತಟ್ಟೆ ಹಿಡಿದವಳು ಒಂದು ಹೆಜ್ಜೆ ಹಿಂದೆ ಸರಿದಳು. ಹಾವು ಕಚ್ಚಿದವರ ಮೈಯಲ್ಲಿ, ಬಾಣಂತಿಯರ ಮೈಯಲ್ಲಿ ಏರುವ ನಂಜನ್ನು ಕಾಣದವರು ಅಲ್ಲಿ ಯಾರೂ ಇರಲಿಲ್ಲ. ಆದರೂ ಮುರಿಗೆಪ್ಪನವರು ಮೆಲ್ಲಗೆ, "ಭಕ್ತರೆಲ್ಲಾ ಅವ್ವನ ಕಾವು ಅಂತ ತಿಳದಾರ, ಎಪ್ಪಾ. ತಮ್ಮ ತಪಸ್ಸಿನ ಫಲ ಅಂತ..." ಎಂದರು.

ಶ್ರೀಗಳವರು ತಲೆಯೆತ್ತಿ ನುಡಿದರು:

"ನಂಜು ಉಂಡು ಅರಗಿಸಿಕೊಂಡಾವ ಶಿವ ಒಬ್ಬಾವ. ಇಕಿ ರೊಟ್ಟಿ ಬಡಿಯೂ ಹೆಣಮಗಳು."

ಶ್ರೀಗಳವರು ಮತ್ತೆ, ತಮಗೆ ತಾವೇ ಹೇಳಿಕೊಂಡಂತೆ, "ನಿನ್ನಿನಽ ನನ್ನ ಕಿವಿಗೆ ಬಿದ್ದಿತ್ತು. ಮೌನ ಮುರೀಬಾರದು ಅಂತ ಎದ್ದು ಬರಲಿಲ್ಲ," ಎಂದರು. ಅನಂತರ ಕೊಟ್ರಪ್ಪನತ್ತ ತಿರುಗಿ ಮಠಕ್ಕೆ ಹಿಟ್ಟು ತಂದಿದ್ದ ಜೀಪನ್ನು ಎಲ್ಲೆಗಲ್ಲಿನ ಆಚೆಗೆ ನಿಲ್ಲಿಸಲು ಹೇಳಿದರು.

ಈ ಗದ್ದಲದಲ್ಲಿ ಫಕೀರವ್ವನಿಗೆ ಎಚ್ಚರವಾಯಿತು. ಜೀಪು, ದವಾಖಾನೆ ಎಂಬ ಮಾತುಗಳು ಕಿವಿಗೆ ಬಿದ್ದದ್ದೇ ತಡ, ಅವಳು ಎಡಗೈಯಿಂದ ಬಲಗೈಯ ಕಂಕಣವನ್ನು ಮುಚ್ಚಿಕೊಂಡಳು.

"ಒಲ್ಲೆ ಎಪ್ಪಾ. ಎಲ್ಲಿಗಲ್ಲು ದಾಟಂಗಿಲ್ಲ ನಾ."

"ಯಾಕವ್ವ?"

"ನನ್ನ ಮಗಳು... ಎರಡು ಕೂಸು ಮಣ್ಣಿಗಿಟ್ಟು ಬಂದಾಳ. ಈಗ ಮತ್ತ ಹೊಟ್ಟಿಲೆ ಅದಾಳ. ಅಕಿ ಸಲುವಾಗಿ ಕಟ್ಟೀನಿ. ನನ್ನ ಜೀವ ಹೋದ್ರ ಹೋಗ್ಲಿ, ಎಪ್ಪಾ. ಇದನ್ನ ಬಿಚ್ಚಬ್ಯಾಡ್ರಿ."

ಅವಳ ದನಿಯಲ್ಲಿ ಆವೇಶವಿರಲಿಲ್ಲ. ಸಂತೆಯಲ್ಲಿ ಬೆಲೆ ಒಪ್ಪಿಕೊಂಡವರಂತೆ ಹೇಳಿದಳು. ಸುಲೋಚನಾಬಾಯಿಯವರಿಗೆ ಬೈಯಲು ಬಾಯಿ ಬರಲಿಲ್ಲ.

ಶ್ರೀಗಳವರು ಅವರತ್ತ ಕೈನೀಡಿ, "ನಿನ್ನ ಚೀಲದಾಗ ಕತ್ತರಿ ಐತೇನವ್ವ?" ಎಂದು ಕೇಳಿದರು.

ಕತ್ತರಿಯ ತುದಿಯನ್ನು ನೂಲಿನ ಕೆಳಗೆ ತೂರಿಸುವುದು ಸುಲಭವಾಗಲಿಲ್ಲ. ಸುಲೋಚನಾಬಾಯಿಯವರು ಊದಿದ ಚರ್ಮವನ್ನು ಎರಡು ಬೆರಳಿನಿಂದ ಒತ್ತಿ ಹಿಡಿದರು, ಶ್ರೀಗಳವರು ಕತ್ತರಿಸಿದರು. ಫಕೀರವ್ವ ಗೋಡೆಗೆ ಮುಖಮಾಡಿ ಅತ್ತಳು. ನೋವಿಗೆ ಅಲ್ಲವೆಂಬುದು ಎಲ್ಲರಿಗೂ ತಿಳಿಯಿತು. ಶ್ರೀಗಳವರು ಆ ತುಂಡಾದ ನೂಲಿಗೆ ಗಂಟುಹಾಕಿ, ಅರಿಸಿನದ ಕೊಂಬಿನ ಸಹಿತ ತಮ್ಮ ಬಲಗೈಗೆ ಸುತ್ತಿಕೊಂಡು, ಮುರಿಗೆಪ್ಪನವರ ಮುಂದೆ ಚಾಚಿದರು.

"ಕಟ್ಟು."

"ಎಪ್ಪಾ, ತಾವು..."

"ಕಟ್ಟಪಾ."

ಮುರಿಗೆಪ್ಪನವರು ಗಂಟು ಬಿಗಿದರು. ಶ್ರೀಗಳವರು ಫಕೀರವ್ವನ ಮುಂದೆ ಬಾಗಿ ಹೇಳಿದರು:

"ಫಕೀರವ್ವಾ, ಇಲ್ಲಿ ನೋಡು. ಹರಕಿ ಈಗ ನನ್ನ ಕೈಯಾಗ ಐತಿ. ಎಲ್ಲಿಗಲ್ಲು ದಾಟಾವ ನಾನು. ದೋಷ ಬಂದ್ರ ನನಗ ಬರ್ತೈತಿ, ನಿನ್ನ ಮಗಳಿಗೆ ಬರಂಗಿಲ್ಲ. ಇನ್ನ ಏಳು."

ಹೀಗೆಂದು ಮೆಟ್ಟಿಲಿಳಿದು ನಡೆದೇಬಿಟ್ಟರು. ಜನರು ಹಿಂದೆ ಓಡಿದರು. ಕೆಲವರು ದಾರಿಗೆ ಅಡ್ಡಬಿದ್ದು, "ಬ್ಯಾಡ್ರೀ ಎಪ್ಪಾ, ನಾವು ಒಯ್ತೀವಿ, ತಾವು ದಾಟಬ್ಯಾಡ್ರಿ," ಎಂದು ಗೋಗರೆದರು. ಶ್ರೀಗಳವರು ಬಿದ್ದವರ ಪಕ್ಕದಿಂದ ಬಳಸಿಕೊಂಡು ಹೋದರು. ಎಲ್ಲೆಗಲ್ಲಿನ ಹತ್ತಿರ ಕ್ಷಣಕಾಲ ನಿಂತರು. ಕಂಬಳಿಯನ್ನು ಮೇಲೆತ್ತಿ, ನೀರಿನ ಕಾಲುವೆ ದಾಟುವವರಂತೆ ಕಾಲನ್ನು ಎತ್ತಿ ಆಚೆಗಿಟ್ಟರು. ಗುಂಪಿನಲ್ಲಿ ಹಲವರು ಎದೆ ಬಡಿದುಕೊಂಡರು. ಅದನ್ನು ಕಂಡ ಫಕೀರವ್ವ, ಗಂಡನ ಹೆಗಲ ಮೇಲೆ ಒರಗಿ, "ನಡೀರಿ," ಎಂದಳು.

ಜೀಪಿನ ಹಿಂದಿನ ಸೀಟಿನಲ್ಲಿ ಅವಳ ತಲೆ ಸುಲೋಚನಾಬಾಯಿಯವರ ತೊಡೆಯ ಮೇಲಿತ್ತು, ಕೈ ಎತ್ತರವಾಗಿ ಶ್ರೀಗಳವರ ಹೆಗಲಿಗೆ ಒರಗಿತ್ತು.

ತಾಲೂಕು ಆಸ್ಪತ್ರೆಯ ವೈದ್ಯರು ಕೈಯನ್ನು ಕಂಡೊಡನೆ ಒಳಗೆ ಒಯ್ದರು. ಅಂಗೈ ಕೊಯ್ದು ಕೀವು ತೆಗೆದರು. ಅದರೊಂದಿಗೆ ತೊಗರಿಯ ಸಿಬರೂ, ಬೂದಿಯ ಗಟ್ಟಿಯೂ ಹೊರಬಂದವು. ರಕ್ತನಾಳದ ಮೂಲಕ ಔಷಧಿ ಕೊಟ್ಟರು. ಉಳಿಯುತ್ತಾಳೆಂದು ಅವರು ಹೇಳಲಿಲ್ಲ, ಕಾದು ನೋಡಬೇಕೆಂದರು. ಮರುದಿನ ಬೆಳಗಿಗೆ ಗೆರೆ ಏರುವುದು ನಿಂತಿತು, ಆದರೆ ಜ್ವರ ಇಳಿಯಲಿಲ್ಲ, ನಡುಬೆರಳು ಕಪ್ಪಾಗತೊಡಗಿತು.

ಶ್ರೀಗಳವರು ಆಸ್ಪತ್ರೆಯ ಪಡಸಾಲೆಯಲ್ಲಿ ಕಂಬಳಿ ಹಾಸಿಕೊಂಡು ಕುಳಿತೇ ಇದ್ದರು. ಗುರುತು ಹಿಡಿದ ಕೆಲವರು ಕಾಲಿಗೆ ಬೀಳಲು ಬಂದರೆ ಕಾಲನ್ನು ಮಡಿಚಿಕೊಳ್ಳುತ್ತಿದ್ದರು. ಬೆಳಗಿನ ಬಿಸಿಲು ಹಾಸುಗಲ್ಲಿನ ಮೇಲೆ ಬಿದ್ದಿದ್ದ ವೇಳೆಯಲ್ಲಿ ಸುಲೋಚನಾಬಾಯಿಯವರು ಎರಡು ಲೋಟ ಚಹಾ ತಂದು, ಒಂದನ್ನು ಅವರ ಮುಂದಿಟ್ಟು, ತಾವೂ ಗೋಡೆಗೆ ಒರಗಿ ಕುಳಿತರು. ಮನಸ್ಸಿನಲ್ಲಿ ವರ್ಷದಿಂದ ಇಟ್ಟುಕೊಂಡಿದ್ದ ಮಾತು ಆಗ ಹೊರಬಂತು.

"ಹ್ವಾದ ವರ್ಷ ಕಾಲಾಗ ಮೊಳಿ ನಟ್ಟು ಒಬ್ಬ ಹುಡುಗ ಸತ್ತ, ಅಜ್ಜಾರ. ಗಾಯದ ತುಂಬ ನಿಮ್ಮ ವಿಭೂತಿ ಇತ್ತು. ನಿಮಗ ಗೊತ್ತೈತೇನು?"

ಶ್ರೀಗಳವರು ಲೋಟವನ್ನು ಕೆಳಗಿಟ್ಟರು.

"ಗೊತ್ತೈತಿ. ಈರಣ್ಣ. ಅವನ ತಾಯಿ ಇನ್ನೂ ಅಮಾಸಿಗೊಮ್ಮೆ ಬರ್ತಾಳ. ವಿಭೂತಿ ಕೇಳ್ತಾಳ. ಏನು ಹೇಳಿ ಕೊಡ್ಲಿ, ಏನು ಹೇಳಿ ಬಿಡ್ಲಿ ಅಕಿಗೆ?"

ಸುಲೋಚನಾಬಾಯಿಯವರು ಆ ಸಾವನ್ನು ತಾವೊಬ್ಬರೇ ಹೊತ್ತು ತಿರುಗುತ್ತಿರುವುದಾಗಿ ಇಷ್ಟು ದಿನ ತಿಳಿದಿದ್ದರು.

"ದಣದೀನವ್ವ," ಎಂದರು ಶ್ರೀಗಳವರು. "ಹಣಿಗೆ ಹಚ್ಚಿಕೊಳ್ರಿ ಅಂತ ಕೊಟ್ಟದ್ದನ್ನ ಗಾಯಕ್ಕ ತುಂಬ್ತಾರ. ಬ್ಯಾಡ ಅಂದ್ರ, ಅಜ್ಜ ಪರೀಕ್ಷೆ ಮಾಡ್ತಾನ ಅಂತ ಇನ್ನಷ್ಟು ತುಂಬ್ತಾರ."

"ನನ್ನ ಮಾತು ಹೆಂಗೂ ಕೇಳಂಗಿಲ್ಲ. ನಾನೂ ದಣದೀನ್ರಿ."

"ಜನ ಆಸೆಗೆ ಬಿದ್ದು ನನ್ನ ಹತ್ರ ಬರ್ತಾರ. ಅಂಜಿ ನಿನ್ನ ಹತ್ರ ಬರಂಗಿಲ್ಲ. ಇವೆರಡರ ನಡುವ ಫಕೀರವ್ವನಂಥಾಕಿ ಸಾಯ್ತಾಳ." ಶ್ರೀಗಳವರು ಮುಂದುವರಿಸಿದರು: "ನೀ ಬಂದು ಮಠದ ಜಗಲಿ ಮ್ಯಾಲ ಕುಂಡ್ರು. ನನ್ನ ಹತ್ರ ಅಂತ ಬಂದಾವರು ನಿನ್ನ ಕೈಗೆ ಸಿಗ್ತಾರ."

"ನನಗ ದೇವರು ದಿಂಡರು ಅಂದ್ರ ಅಷ್ಟಕ್ಕಷ್ಟ, ಅಜ್ಜಾರ. ಮತ್ತ ನಾ ಬೈತೀನಿ."

"ಬೈಯವ್ವ. ಮೊದ್ಲ ಗಾಯ ನೋಡು, ಆಮ್ಯಾಲ ಬೈಯಿ."

ಸುಲೋಚನಾಬಾಯಿಯವರಿಗೆ ನಗು ಬಂತು. ನಗುತ್ತಿದ್ದಂತೆ ಕಣ್ಣಲ್ಲಿ ನೀರು ಬಂತು, ಅದು ಬೇಗ ನಿಲ್ಲಲಿಲ್ಲ. ಶ್ರೀಗಳವರು ಆರಿದ ಚಹಾವನ್ನು ಕುಡಿದು ಮುಗಿಸಿ, ಅವರ ಲೋಟವನ್ನೂ ತಮ್ಮ ಲೋಟವನ್ನೂ ನಲ್ಲಿಯಲ್ಲಿ ತೊಳೆದು ತಂದಿಟ್ಟರು. ಆ ತನಕ ಯಾರಿಗೂ ತಲೆಬಾಗದ ಸುಲೋಚನಾಬಾಯಿಯವರು ಆ ಒದ್ದೆಯ ಕೈಗಳನ್ನು ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು.

ಫಕೀರವ್ವನ ಜ್ವರ ಆ ದಿನ ಸಂಜೆಗೆ ಇಳಿಯತೊಡಗಿತು. ನಡುಬೆರಳನ್ನು ತೆಗೆಯಬೇಕಾಯಿತು, ಕೈ ಉಳಿಯಿತು, ಜೀವ ಉಳಿಯಿತು. ಶ್ರೀಗಳವರು ದಿಬ್ಬಕ್ಕೆ ಹಿಂದಿರುಗಿದಾಗ ಸುತ್ತಲಿನ ಹಿರಿಯರು ಕ್ಷೇತ್ರಸಂಕಲ್ಪ ಮುರಿದದ್ದಕ್ಕೆ ಪ್ರಾಯಶ್ಚಿತ್ತವೇನೆಂದು ಕೇಳಿದರು. ಶ್ರೀಗಳವರು ಹಿಂದಿನ ಒಲೆಗಳ ಕಡೆಗೆ ಹೋಗಿ ಹಿಟ್ಟಿನ ಮುಂದೆ ಕುಳಿತರು. ಕಂಕಣ ತಮ್ಮ ಕೈಯಲ್ಲಿದ್ದುದರಿಂದ ಪುರಾಣ ಮಂಗಲವಾಗುವವರೆಗೆ ದಿನವೂ ರೊಟ್ಟಿ ಬಡಿದರು. ಒಂದೂ ದುಂಡಗಾಗಲಿಲ್ಲ. ಹೆಂಗಸರು ಸೆರಗಿನಲ್ಲಿ ನಗುತ್ತ ಅವನ್ನೇ ಪ್ರಸಾದವೆಂದು ಹಂಚಿಕೊಂಡು ಉಂಡರು. ಮುಂದಿನ ಶ್ರಾವಣದಿಂದ ಕಂಕಣ ಕಟ್ಟಿದವರಿಗೆ ಎಲ್ಲೆಯ ನಿರ್ಬಂಧ ಇರಕೂಡದೆಂದು ಅಪ್ಪಣೆಯಾಯಿತು. ಮಠದಲ್ಲಿ ವಿಭೂತಿ ಕೇಳಿದವರ ಕೈಕಾಲುಗಳನ್ನು ಮೊದಲು ನೋಡಿ, ಗಾಯವಿದ್ದರೆ ವಿಭೂತಿ ಕೊಡದೆ ಜಗಲಿಗೆ ಕಳಿಸುವುದು ಮುರಿಗೆಪ್ಪನವರ ಕೆಲಸವಾಯಿತು.

ಫಕೀರವ್ವನ ಮಗಳು ಮಾರ್ಗಶಿರದಲ್ಲಿ ಹೆಣ್ಣುಮಗುವನ್ನು ಹೆತ್ತಳು, ಹೆರಿಗೆ ಮಾಡಿಸಿದವರು ಸುಲೋಚನಾಬಾಯಿಯವರು. ಅವರು ಕೊನೆಯವರೆಗೂ ದೀಕ್ಷೆ ಪಡೆಯಲಿಲ್ಲ, ಹಣೆಗೆ ವಿಭೂತಿ ಹಚ್ಚಲಿಲ್ಲ. ನಿವೃತ್ತರಾಗುವವರೆಗೆ ಪ್ರತಿ ಸೋಮವಾರ ಮಠದ ಜಗಲಿಯ ಮೇಲೆ ಕುಳಿತು ಬಂದವರ ಗಾಯಗಳನ್ನು ತೊಳೆದರು, ಮತ್ತು ತೊಳೆದ ಮೇಲೆ ಬೈದರು.